ಹೆಜ್ಜೆ ಮುಚ್ಚಿದ ಬೇಸಿನ್ನುಗಳು

ಒಡೆದ ಬೇಸಿನ್ ಕೊಳ್ಳುವವರಲ್ಲಿ ಎರಡು ಜಾತಿ. ಅದರಲ್ಲಿ ಗಿಡ ನೆಡುವವರು ಒಂದು, ಒಡೆದಿರುವುದನ್ನು ನೋಡದೆ ಕೊಂಡವರು ಇನ್ನೊಂದು. ಗುಂಡ್ಲುಪೇಟೆಯಲ್ಲಿ ಇಪ್ಪತ್ತೆರಡು ವರ್ಷ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ನಡೆಸಿ ನಾನು ಸಂಪಾದಿಸಿದ ಜ್ಞಾನದಲ್ಲಿ ಇದೂ ಒಂದು. ರಂಗನಾಯಕ ಈ ಎರಡರಲ್ಲೂ ಸೇರಲಿಲ್ಲ.

ಶನಿವಾರ ಮಧ್ಯಾಹ್ನದ ಮೇಲೆ ಗಾಡಿಗೆ ಸಾಮಾನು ತುಂಬಿಕೊಂಡು ಕಾಡಂಚಿನ ಮದ್ದೂರಿನ ಕಡೆ ಹೋಗುವುದು ನನ್ನ ವಾಡಿಕೆ. ಕಳೆದ ಜುಲೈನಲ್ಲಿ ಒಂದು ಶನಿವಾರ ಅವನು ಗಾಡಿಯ ಹಿಂದೆ ಬಂದು ನಿಂತ. ಹೊಸ ಮಾಲಿನ ಕಡೆ ಕಣ್ಣೆತ್ತಿಯೂ ನೋಡದೆ, ಅಂಚು ಸೀಳಿದ್ದು, ಸಾಗಣೆಯಲ್ಲಿ ಸೊಟ್ಟಗಾದದ್ದು, ಇವನ್ನೇ ಕೆದಕಿ ತೆಗೆದ.

"ಇದು ಚಿರತೆಗೆ ಆಯ್ತದೆ. ಇದು ಕಡವೆಗೆ. ಆನೆಗೆ ಆಗಂಥದು ಒಂದು ಅದಾ, ಶಿವಮೂರ್ತಣ್ಣ?"

"ಆನೆಗೆ ಸ್ನಾನ ಮಾಡಿಸ್ತೀಯೇನ್ಲಾ?"

"ಸ್ನಾನ ಅವೇ ಮಾಡ್ಕತವೆ. ಒಸಿ ದೊಡ್ಡದು ಕೊಡಿ."

ತಳ ತೂತಾಗಿದ್ದ ಮಗುವಿನ ಟಬ್ಬೊಂದು ಎರಡು ವರ್ಷದಿಂದ ನನ್ನನ್ನೇ ನೋಡುತ್ತ ಕೂತಿತ್ತು. ಅದನ್ನು ದಾಟಿಸಿದೆ. ದಾಟಿಸಿದ ಮೇಲೆ ಕುತೂಹಲ ಹತ್ತಿತು. ಎರಡು ವಾರ ತಡೆದುಕೊಂಡು, ಮೂರನೆಯ ವಾರ ಗಾಡಿಯನ್ನು ಅವನ ಹೊಲದ ಬದುವಿನವರೆಗೂ ಓಡಿಸಿದೆ.

ಕಾಡಿನ ಅಂಚಿಗೆ ಎರಡು ಎಕರೆ ಜೋಳ, ಮೂಲೆಯಲ್ಲೊಂದು ಸಣ್ಣ ಕಟ್ಟೆ, ಹುಣಸೆ ಮರದ ಮೇಲೆ ಕಾವಲಿನ ಅಟ್ಟಣೆ. ಕಟ್ಟೆಯ ಕೆಸರಿನ ಸುತ್ತ ನನ್ನ ಬೇಸಿನ್ನುಗಳೆಲ್ಲ ಬೋರಲು ಬಿದ್ದಿದ್ದವು, ಒಂದೊಂದರ ಮೇಲೂ ಒಂದು ಕಲ್ಲು; ಟಬ್ಬಿನ ಕಲ್ಲು ತೂತನ್ನೇ ಮುಚ್ಚಿಕೊಂಡಿತ್ತು. ಊರಿಗೆಲ್ಲ ಊಟ ಮುಗಿದು ಪಾತ್ರೆ ತೊಳೆದು ಕವುಚಿಟ್ಟ ಹಾಗೆ. ಅವನು ಅಟ್ಟಣೆಯಿಂದ ಇಳಿಯುವಷ್ಟರಲ್ಲಿ ನಾನು ಟಬ್ಬನ್ನು ಎತ್ತಿದ್ದೆ. ಕೆಳಗೆ ಏನೂ ಇರಲಿಲ್ಲ. ಇನ್ನೂ ಸರಿಯಾಗಿ ನೋಡೋಣವೆಂದು ಒಂದು ಹೆಜ್ಜೆ ಮುಂದಿಟ್ಟೆ.

"ತುಳುದ್ಬುಟ್ರಲ್ಲ," ಎಂದ ರಂಗನಾಯಕ, ಸಮಾಧಾನವಾಗಿಯೇ. "ಮರಿ ಆನೆ ಹೆಜ್ಜೆ ಅದು. ನಮ್ಮ ಮೇಘಿ ಇನ್ನೂ ನೋಡಿರ್ನಿಲ್ಲ."

ಮೇಘಿ ಎಂದರೆ ಮೇಘನಾ, ಅವನ ಒಬ್ಬಳೇ ಮಗಳು. ಹೆಂಡತಿ ಭಾಗ್ಯ ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷ. ಬಿಟ್ಟುಹೋಗಲು ಯಾರೂ ಇಲ್ಲದ್ದರಿಂದ ಹೊಲಕ್ಕೇ ಎತ್ತಿಕೊಂಡು ಬರುತ್ತಿದ್ದ. ಆಟದ ಸಾಮಾನು ಅಂತ ಇದ್ದದ್ದು ಕಟ್ಟೆಯ ಕೆಸರೊಂದೇ. ಯಾರು ಬಂದಿದ್ದರು, ಯಾವ ಕಡೆ ಹೋದರು, ಓಡಿದರೋ ನಡೆದರೋ: ಬೆಳಿಗ್ಗೆ ಎದ್ದು ಅಪ್ಪ ಮಗಳು ಇದನ್ನೇ ಆಡುತ್ತಿದ್ದರು. ಸೋತವರು ಒಲೆ ಹಚ್ಚಬೇಕು. ಮೊದಲೆರಡು ವರ್ಷ ಅವನೇ ಬೇಕೆಂದು ಸೋಲುತ್ತಿದ್ದನಂತೆ. ಆಮೇಲೆ ಬೇಕೆನ್ನುವ ಅಗತ್ಯ ಬೀಳಲಿಲ್ಲ. ಮುಳ್ಳುಹಂದಿ ಕುಂಟುತ್ತಿದೆ ಎಂದು ಏಳು ವರ್ಷದ ಹುಡುಗಿ ಹೇಳಿದರೆ, ಅದು ಕುಂಟುತ್ತಲೇ ಇರುತ್ತಿತ್ತು.

ಆ ವರ್ಷದ ಜೂನ್‌ನಲ್ಲಿ ಅವಳಿಗೆ ಚಾಮರಾಜನಗರದ ಒಂದು ವಸತಿ ಶಾಲೆಯಲ್ಲಿ ಆರನೇ ಕ್ಲಾಸಿಗೆ ಸೀಟು ಸಿಕ್ಕಿತು. ಅವನೇ ಅರ್ಜಿ ಬರೆಸಿದ್ದ, ಅವನೇ ಬಿಟ್ಟುಬಂದ. ಒಂದು ಭಾನುವಾರ ನೋಡಲೂ ಹೋಗಿದ್ದ.

"ಏನಂದ್ಳು?" ಎಂದೆ.

"ಏನಂದಾಳು. ಅಲ್ಲಿ ನೆಲವೆಲ್ಲ ಸಿಮೆಂಟು ಕಣಣ್ಣ. ಊಟ ಆಯ್ತಾ ಅಂದೆ, ಆಯ್ತು ಅಂದ್ಳು. ನಿಂದು ಆಯ್ತಾ ಅಂದ್ಳು, ಆಯ್ತು ಅಂದೆ. ಆಮೇಕೆ ಇಬ್ರೂ ನೆಲ ನೋಡ್ಕಂಡು ನಿಂತಿದ್ದೊ. ಅಲ್ಲಿ ಏನಿದ್ದದು?"

ಏಳು ವರ್ಷ ಅವರು ಆಡಿದ ಮಾತೆಲ್ಲ ಮಣ್ಣಿನ ಮೇಲಿನದು. ಮಣ್ಣಿಲ್ಲದ ಕಡೆ ಮಾತಿಗೇ ಜಾಗವಿರಲಿಲ್ಲ. ಹಿಂದಕ್ಕೆ ಬಂದವನೇ, ದಸರಾ ರಜೆಗೆ ಅವಳು ಬರುವವರೆಗೆ ಒಳ್ಳೆಯ ಹೆಜ್ಜೆಗಳನ್ನು ಮಳೆಗೆ ಅಳಿಯದಂತೆ ಮುಚ್ಚಿಡಲು ಶುರುಮಾಡಿದ.

"ಹೆಜ್ಜೆ ಓದೋದನ್ನೇ ಮರ್ತ್ಬುಟ್ಟಿದ್ರೆ?" ಎಂದೆ. ಕೇಳಬಾರದಿತ್ತು.

"ಅದೇ ಕಣಣ್ಣ ನಂಗೂ," ಎಂದು ಟಬ್ಬನ್ನು ನನ್ನ ಕೈಯಿಂದ ತೆಗೆದುಕೊಂಡು, ನನ್ನ ಚಪ್ಪಲಿ ಗುರುತಿನ ಮೇಲೆಯೇ ಮತ್ತೆ ಕವುಚಿದ. "ಇರ್ಲಿ ಬುಡಿ. ನಿಮ್ದನ್ನೂ ಓದ್ಲಿ."

ಅಲ್ಲಿಂದ ಪ್ರತಿ ಶನಿವಾರ ಅವನು ರಸ್ತೆಯ ಬಸ್ಸು ನಿಲ್ಲುವ ಕಲ್ಲಿನ ಹತ್ತಿರ ಸಿಗುತ್ತಿದ್ದ. ಸಂಜೆ ಐದೂವರೆಯ ಬಸ್ಸು ಬರುತ್ತಿತ್ತು, ಹೋಗುತ್ತಿತ್ತು. ಯಾರಿಗೆ ಕಾಯುತ್ತೀಯ ಎಂದರೆ, "ಬಸ್ಸು ಟೈಮಿಗೆ ಬತ್ತದೋ ಇಲ್ವೋ ನೋಡನ ಅಂತ" ಎನ್ನುತ್ತಿದ್ದ. ಸಾರಿಗೆಯವರು ಸಂಬಳ ಕೊಡುತ್ತಾರೇನಲಾ ಎಂದು ನಾನು ರೇಗಿಸುತ್ತಿದ್ದೆ. ಅವನು ನಗುತ್ತಿದ್ದ, ಮತ್ತೊಂದು ಸೊಟ್ಟ ಬೇಸಿನ್ ಆರಿಸುತ್ತಿದ್ದ.

ದಸರಾ ರಜೆ ಶುರುವಾದ ಶನಿವಾರ ಆ ಬಸ್ಸಿನಿಂದ ಅವಳು ಇಳಿದಳು. ಎರಡು ಜಡೆ, ಕಪ್ಪು ಶೂ, ಬೆನ್ನಿಗೆ ಚೀಲ. ಅಪ್ಪ ಚೀಲ ತೆಗೆದುಕೊಂಡ. ಊಟ ಆಯ್ತಾ ಎಂದ. ಆಯ್ತು ಎಂದಳು. ಇಬ್ಬರೂ ಹೊಲದ ಕಡೆ ನಡೆದರು. ನಾನು ಗಾಡಿ ನಿಲ್ಲಿಸಿ ಹಿಂದೆ ಹೋದೆ. ಆ ಟಬ್ಬಿನ ವಿಷಯದಲ್ಲಿ ನನ್ನ ತಪ್ಪೂ ಇತ್ತಲ್ಲ.

ಕಟ್ಟೆಯ ಹತ್ತಿರ ಅವನು ಒಂದೊಂದೇ ಬೇಸಿನ್ ಎತ್ತಿದ. ಅವಳು ಮೊದಲನೆಯದನ್ನು ಬಹಳ ಹೊತ್ತು ನೋಡಿದಳು. ರಂಗನಾಯಕ ಎತ್ತಿದ ಬೇಸಿನ್ನನ್ನು ಕೆಳಗಿಡಲೇ ಇಲ್ಲ.

"ಕಡವೆ. ಹೆಣ್ಣು. ನೀರು ಕುಡೀವಾಗ ಏನೋ ಸದ್ದಾಗದೆ, ಹಂಗೇ ತಿರುಗ್ಬುಟ್ಟದೆ," ಎಂದಳು. ಶೂ ಬಿಚ್ಚಿ ಕೆಸರಿಗಿಳಿದಳು. ಎರಡನೆಯದು ಚಿರತೆ. ಮೂರನೆಯದನ್ನು ಎತ್ತುವ ಮೊದಲೇ ಬಗ್ಗಿದ್ದಳು. ಟಬ್ಬಿನ ಸರದಿ ಬಂದಾಗ ಕೂತೇಬಿಟ್ಟಳು.

"ಅಪ್ಪಾ, ಮರಿ ಆನೆ! ಅಯ್ಯೋ, ಮ್ಯಾಲೆ ಯಾರೋ ನಿಂತವ್ರೆ. ದಪ್ಪ ಮನುಸ್ರು. ಬಲಗಾಲು ಒಸಿ ಎಳೀತಾರೆ. ಎದ್ರುಕೊಂಡು ಹಿಂದಕ್ಕೆ ಸರ್ದವ್ರೆ." ತಲೆಯೆತ್ತಿ ನನ್ನ ಕಾಲು ನೋಡಿದಳು. ಆಮೇಲೆ ಮುಖವನ್ನು.

ರಂಗನಾಯಕ ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಬಲಗಾಲಿನ ಮಂಡಿನೋವನ್ನು ನಾನು ಮನೆಯಲ್ಲೂ ಹೇಳಿರಲಿಲ್ಲ.

ನನ್ನನ್ನು ಗಾಡಿಯವರೆಗೆ ಕಳಿಸಲು ಇಬ್ಬರೂ ಬಂದರು. ರಸ್ತೆಗೆ ಹೋಗುವ ಕಾಲುದಾರಿಯಲ್ಲಿ ಹುಡುಗಿ ಮುಂದೆ, ಬಗ್ಗಿದ ತಲೆ ಎತ್ತದೆ. ಬಸ್ಸಿನ ಕಲ್ಲಿನ ಹತ್ತಿರ ನಿಂತಳು. ರಂಗನಾಯಕನ ಎಡಗಾಲಿನಲ್ಲಿ ಕಿರುಬೆರಳಿಲ್ಲ; ಆ ಹೆಜ್ಜೆ ಯಾರದೆಂದು ನನಗೂ ಗೊತ್ತಾಗುತ್ತಿತ್ತು.

"ಇದು ಮಳೆಗೆ ಮುಂಚೆದು, ಅರ್ಧ ಅಳ್ಸೋಗದೆ. ಇದು ಮಳೆ ಬುಟ್ಟ ಮ್ಯಾಲಿಂದು. ಇದು ಮೊನ್ನೆದು, ಇದು ನೆನ್ನೆದು. ದಿನಾ ಬಂದಿದ್ದೀಯಲ್ಲಪ್ಪ. ಹಿಮ್ಮಡಿ ಊರಿ ಬಾಳೊತ್ತು ಕೂತಿದ್ದೀಯ."

"ಹಸ ಮೇಯಿಸ್ಕಂಡು ಬತ್ತಿದ್ದೆ ಕಣಮ್ಮಿ."

ಅವಳು ಕಲ್ಲಿನ ಸುತ್ತ ಒಂದು ಸಲ ನೋಡಿದಳು.

"ಹಸಿನ ಗೊರಸು ಗುರ್ತು ಎಲ್ಲೂ ಇಲ್ವಲ್ಲ."

ಅವನು ಅವಳ ಚೀಲದ ಪಟ್ಟಿಯನ್ನು ಸರಿಮಾಡಿಕೊಂಡ, ಅದು ಸರಿಯಾಗಿಯೇ ಇತ್ತು. ನಾನು ಗಾಡಿ ಹತ್ತಿದೆ.

ರಜೆ ಮುಗಿದು ಅವಳು ಹೋದ ಮೇಲಿನ ಶನಿವಾರ ಅವನು ಗಾಡಿಯ ಹಿಂದೆ ಬಂದು, ಮೊದಲ ಸಲ ಹೊಸ ಮಾಲಿನ ಕಡೆ ಕೈ ಹಾಕಿದ. ಒಂದು ನೀಲಿ ಬೇಸಿನ್ ಎತ್ತಿ, ಸೀಳಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ. ಚೌಕಾಸಿಯನ್ನೂ ಮಾಡಲಿಲ್ಲ.

"ಇದ್ಯಾವ ಪ್ರಾಣಿಗಪ್ಪ?"

"ಮೇಘಿದು," ಎಂದ. "ಬಸ್ಸು ಹತ್ತಕ್ಕೆ ಮುಂಚೆ ಶೂ ಬಿಚ್ಚಿ ಹೆಜ್ಜೆ ಒತ್ಬುಟ್ಟು ಓಗವ್ಳೆ. ಇಷ್ಟು ದಿನ ತೆಂಗಿನ ಗರಿ ಮುಚ್ಚಿ ಮಡಗಿದ್ದೆ."

ಕಲ್ಲಿನ ಪಕ್ಕದಲ್ಲಿ ಆ ನೀಲಿ ಬೇಸಿನ್ ಈಗಲೂ ಬೋರಲು ಬಿದ್ದಿದೆ. ಅದನ್ನು ನಾನು ಎತ್ತಿ ನೋಡಿಲ್ಲ. ಐದೂವರೆಯ ಬಸ್ಸಿನ ಡ್ರೈವರಿಗೆ ಅವನು ಏನು ಹೇಳಿದ್ದಾನೋ, ಬಸ್ಸು ಈಗ ಹತ್ತು ಮಾರು ಆಚೆಗೆ ನಿಲ್ಲುತ್ತದೆ. ಯಾರೂ ಇಳಿಯುವುದಿಲ್ಲ. ಅದು ಹೊರಟ ಮೇಲೆ ಅವನು ಬೇಸಿನ್ನಿನ ಮೇಲಿನ ಕಲ್ಲನ್ನು ಒಮ್ಮೆ ಒತ್ತಿ ನೋಡಿ, ಕಾಲುದಾರಿಯಲ್ಲಿ ಹಿಂದಕ್ಕೆ ನಡೆಯುತ್ತಾನೆ.