ಕುಂಕುಮ ಹಚ್ಚಿದ ಕ್ಯಾಮೆರಾ

ನನ್ನ ಮಗಳ ಆರತಕ್ಷತೆಯ ಆಲ್ಬಮ್ ನೋಡಿದವರೆಲ್ಲ ಕೊನೆಯ ಪುಟ ಯಾಕೆ ಖಾಲಿ ಎಂದು ಕೇಳುತ್ತಾರೆ. ಅಂಟು ಬಿಟ್ಟು ಬಿದ್ದುಹೋಯಿತು ಎನ್ನುತ್ತೇನೆ. ಅದು ಸುಳ್ಳು. ಫೋಟೋ ನನ್ನ ಬೀರುವಿನಲ್ಲಿದೆ. ಅದರಲ್ಲಿ ಇರುವವನು ನಾನೇ. ಬಹಳ ಚೆನ್ನಾಗಿ ನಗುತ್ತಿದ್ದೇನೆ.

ಮದುವೆಗೆ ಬಂದವರ ಫೋಟೋ ತೆಗೆಯುವುದು ಸುಲಭವಲ್ಲ. ನಮ್ಮ ಕಾಲದ ಫೋಟೋಗ್ರಾಫರ್ ಎಲ್ಲರನ್ನೂ ಸಾಲಾಗಿ ವೇದಿಕೆ ಹತ್ತಿಸಿ, ಉಸಿರು ಬಿಗಿಹಿಡಿಸಿ, ಒಂದು ಫ್ಲಾಷ್ ಹೊಡೆದು ಇಳಿಸುತ್ತಿದ್ದ. ನನ್ನ ಮದುವೆಯ ಫೋಟೋಗಳಲ್ಲಿ ಬಂಧುಗಳೆಲ್ಲ ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ನಿಂತಿದ್ದಾರೆ. ಅತಿಥಿ ಎಂದರೆ ತಿಥಿ ನೋಡದೆ ಬರುವವನು ಎಂದು ನಮ್ಮ ಸಂಸ್ಕೃತ ಮೇಷ್ಟ್ರು ಹೇಳಿಕೊಟ್ಟಿದ್ದರು. ಮದುವೆಗೆ ಬರುವವರು ಮಾತ್ರ ತಿಥಿ, ವಾರ, ರಜೆ ಎಲ್ಲ ನೋಡಿಕೊಂಡು, ಫೋಟೋಗೆ ಬೇಕಾದ ಮುಖವನ್ನೂ ಮನೆಯಿಂದಲೇ ಸಿದ್ಧಪಡಿಸಿಕೊಂಡು ಬರುತ್ತಾರೆ.

ಆ ಸಿದ್ಧ ಮುಖ ಬೇಡ ಎಂಬುದು ನನ್ನ ಅಳಿಯನ ವಾದ. ನಾವು ಬಂದು ನೆಲೆಸಿದ ಈ ತೆಲುಗು ಊರಿನಲ್ಲಿ ಹೈಟೆಕ್ ಸಿಟಿ ಕಡೆ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ ಅದು. ಅವನು ಅಂಥದೊಂದರಲ್ಲಿ ಕಂಪ್ಯೂಟರ್ ಕೆಲಸದವನು. ಕೂಕಟ್‌ಪಲ್ಲಿಯ ಫಂಕ್ಷನ್ ಹಾಲ್‌ನಲ್ಲಿ ಊಟದ ಟೇಬಲ್ಲಿಗೊಂದರಂತೆ ರೀಲು ತುಂಬಿದ ಪುಟ್ಟ ಕ್ಯಾಮೆರಾ ಇಡೋಣ ಎಂದ. ರೀಲು ಮುಗಿದರೆ ಆ ಕ್ಯಾಮೆರಾದ ಕೆಲಸವೂ ಮುಗಿಯಿತು, ಹಾಗೇ ಸ್ಟುಡಿಯೋಗೆ ಕೊಟ್ಟರೆ ಫೋಟೋ ತೊಳೆದು ಕೊಡುತ್ತಾರೆ. ಬಂದವರು ತಮ್ಮ ತಮ್ಮಲ್ಲೇ ಫೋಟೋ ಹಿಡಿದು, ಕ್ಯಾಮೆರಾವನ್ನು ಟೇಬಲ್ ಮೇಲೇ ಬಿಟ್ಟು ಹೋಗಬೇಕು. ಹಾಗೆಂದು ಚೀಟಿಯನ್ನೂ ಮಾಡಿಸಿದ, ಇಂಗ್ಲಿಷಿನಲ್ಲಿ.

ಎಲ್ಲ ಸರಿಯಿತ್ತು. ಆದರೆ ಹೊಸ ವಸ್ತು ಮನೆಗೆ ಬಂದರೆ ನನ್ನ ಹೆಂಡತಿಯ ಕೈ ಸುಮ್ಮನಿರುವುದಿಲ್ಲ. ಪ್ರತಿ ಕ್ಯಾಮೆರಾಕ್ಕೂ ಅರಿಸಿನ ಕುಂಕುಮ ಹಚ್ಚಿ, ಚಂದ ಕಾಣಲಿ ಎಂದು ಜರಿ ದಾರ ಬೇರೆ ಕಟ್ಟಿದಳು. ನಮ್ಮ ಕಡೆ ಕುಂಕುಮ ಹಚ್ಚಿ ಅತಿಥಿಯ ಮುಂದೆ ಇಟ್ಟದ್ದು ಅತಿಥಿಯದು. ನನಗೇ ಅದು ಹೊಳೆಯಬೇಕಿತ್ತು. ನಾನು ಅವತ್ತು ನಮ್ಮ ಕಾರ್ಖಾನೆಯ ದೊಡ್ಡ ಸಾಹೇಬರನ್ನು ಎಲ್ಲಿ ಕೂರಿಸಬೇಕೆಂಬ ಚಿಂತೆಯಲ್ಲಿದ್ದೆ.

ಊಟ ಮುಗಿದು ಜನ ಹೊರಡುವ ಹೊತ್ತಿಗೆ ಅಳಿಯ ಓಡಿಬಂದು, ಅರ್ಧಕ್ಕರ್ಧ ಟೇಬಲ್ ಮೇಲೆ ಕ್ಯಾಮೆರಾವೇ ಇಲ್ಲ ಎಂದ. ನಾನು ಬಾಗಿಲಿಗೆ ಹೋಗಿ ನಿಂತೆ. ಮೊದಲು ಸಾಹೇಬರ ಹೆಂಡತಿಯೇ ಬಂದರು, ಕೈಯಲ್ಲಿ ಜರಿ ದಾರದ ಕ್ಯಾಮೆರಾ. ಇಂಥ ಉಡುಗೊರೆ ಎಲ್ಲೂ ನೋಡಿಲ್ಲ ಎಂದು ಹಿಂದಿಯಲ್ಲಿ ಹೊಗಳಿದರು. ನಾನು ಸೊಂಟ ಬಗ್ಗಿಸಿ ಕೈಮುಗಿದು ಕಳಿಸಿಕೊಟ್ಟೆ.

ಅವರ ಹಿಂದೆಯೇ ಶರಣಪ್ಪ ಬಂದ. ಗಾರೆ ಮೇಸ್ತ್ರಿ, ನಮ್ಮ ಕಲಬುರಗಿ ಕಡೆಯವನು, ತಾರ್ನಾಕದ ನನ್ನ ಮನೆಯ ಗೋಡೆಗಳಿಗೆ ಗಿಲಾವು ಮಾಡಿದವನು. ಭಾನುವಾರ ಬಂದು ಒಂದು ತಾಸು ಊರಿನ ಮಾತಾಡಿ ಹೋಗುತ್ತಿದ್ದ. ಹೊರಗೆ ತೆಲುಗು, ಹಿಂದಿ ಆಡಿ ಆಡಿ ಸವೆದ ನನ್ನ ನಾಲಿಗೆಗೆ ಆ ಒಂದು ತಾಸೇ ಹಬ್ಬ. ಅವನ ಶಲ್ಯದ ಗಂಟಿನಲ್ಲಿ ಜರಿ ದಾರದ ತುದಿ ಕಂಡಿತು.

"ಶರಣಪ್ಪ, ಅದು ಒಯ್ಯೂದಲ್ಲ. ಇಲ್ಲೇ ಕೊಟ್ಟು ಹೋಗಬೇಕು" ಎಂದೆ. ದನಿ ಸ್ವಲ್ಪ ಜೋರಾಗಿಯೇ ಇತ್ತು. ಸುತ್ತಲಿದ್ದವರು ತಿರುಗಿ ನೋಡಿದರು.

ಅವನು ಗಂಟು ಬಿಚ್ಚಿ, ಎರಡೂ ಕೈಯಿಂದ ಕೊಟ್ಟ. "ಕುಂಕುಮ ಹಚ್ಚಿ ಇಟ್ಟಿದ್ರಲ್ರಿ, ನಮಗ ಕೊಟ್ಟಾರಂತ ತಿಳದೆ" ಎಂದ.

ಅಷ್ಟೇ. ಆಮೇಲೆ ಭಾನುವಾರಗಳು ಬಂದವು, ಶರಣಪ್ಪ ಬರಲಿಲ್ಲ.

ವಾಪಸು ಬಂದ ಕ್ಯಾಮೆರಾಗಳ ಫೋಟೋಗಳಲ್ಲಿ ಏನಿತ್ತು ಅಂತೀರಿ? ಅಳಿಯನ ಗೆಳೆಯರು ಹಿಡಿದದ್ದೆಲ್ಲ ಚಾವಣಿಯ ದೀಪ, ಐಸ್‌ಕ್ರೀಂ ಬಟ್ಟಲು, ಯಾರದೋ ಬೂಟು, ಅರ್ಧ ತಲೆ. ಶರಣಪ್ಪನ ರೀಲಿನಲ್ಲಿ ಮಾತ್ರ ಮನುಷ್ಯರಿದ್ದರು. ಒಂದು ಫೋಟೋವೂ ವಾಲಿರಲಿಲ್ಲ, ಗೋಡೆ ನೆಟ್ಟಗಿದೆಯೇ ಎಂದು ತೂಕದ ಗುಂಡು ಬಿಟ್ಟು ನೋಡುವ ಕಣ್ಣಲ್ಲವೇ. ವೇದಿಕೆ ಹತ್ತಲು ನಾಚಿ ಮೂಲೆಯಲ್ಲಿ ಕೂತ ನನ್ನ ಸೋದರತ್ತೆ, ತಟ್ಟೆ ಹಿಡಿದು ನಗುವ ಡ್ರೈವರ್‌ಗಳು, ಕಂಬದ ಹಿಂದೆ ನಿಂತು ಮಗಳನ್ನು ನೋಡುತ್ತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ನನ್ನ ಹೆಂಡತಿ. ಅಳಿಯ ಬಯಸಿದ್ದ ಸಿದ್ಧವಿಲ್ಲದ ಮುಖಗಳು ಇವೇ. ಆಲ್ಬಮ್ ತುಂಬಾ ಅವನ್ನೇ ಹಾಕಿಸಿದೆವು. ಅವುಗಳಲ್ಲಿ ಎಲ್ಲೂ ಶರಣಪ್ಪನಿಲ್ಲ.

ಆಲ್ಬಮ್ ಹಿಡಿದು ಅವನ ಕೋಣೆ ಹುಡುಕಿಕೊಂಡು ಹೋದೆ. ಅದೇ ಥರದ ಹೊಸ ಕ್ಯಾಮೆರಾ ಒಂದನ್ನು ಕೊಂಡು, ಹೆಂಡತಿಯಿಂದ ಕುಂಕುಮ ಹಚ್ಚಿಸಿಕೊಂಡಿದ್ದೆ. ಅವನು ಮೊದಲಿನ ಹಾಗೆಯೇ ಮಾತಾಡಿಸಿದ, ಚಹಾ ತರಿಸಿದ. ಒಂದೊಂದೇ ಪುಟ ಮಗುಚಿ, ಇವರು ಯಾರು, ಅವರು ಯಾರು ಎಂದು ಕೇಳಿದ. ಕೊನೆಯ ಪುಟಕ್ಕೆ ಬಂದಾಗ ಆಲ್ಬಮ್ ಮುಚ್ಚಿಬಿಟ್ಟ.

ಯಾಕೆಂದು ನಾನೇ ಬಿಡಿಸಿ ನೋಡಿದೆ. ಬಾಗಿಲಲ್ಲಿ ನಾನು ಕೈಮುಗಿದು ಬಗ್ಗಿದ್ದೇನೆ, ಬಾಯ್ತುಂಬ ನಗು. ಎದುರಿಗೆ ಸಾಹೇಬರ ಹೆಂಡತಿ. ಅವರ ಕೈಯಲ್ಲಿ ಜರಿ ದಾರದ ಕ್ಯಾಮೆರಾ. ಆಲ್ಬಮ್ ಅಂಟಿಸುವಾಗ ನಾನು ನೋಡಿದ್ದು ನನ್ನ ನಗು ಒಂದನ್ನೇ. ಇದನ್ನು ಹಿಡಿದ ಶರಣಪ್ಪ ಎರಡು ಹೆಜ್ಜೆ ಹಿಂದೆ ನಿಂತು ಎಲ್ಲ ಕಂಡಿದ್ದ, ಕಂಡೇ ನನ್ನ ಮುಂದೆ ಬಂದಿದ್ದ. ತಪ್ಪಾಯಿತು ಎಂದೆ, ಚೀಲದಿಂದ ಕ್ಯಾಮೆರಾ ತೆಗೆದು ಮುಂದಿಟ್ಟೆ.

"ಫೋಟೋ ಭಾಳ ಚಂದ ಬಂದಾವ್ರಿ. ಕ್ಯಾಮೆರಾ ನಿಮ್ಮ ಹತ್ರನ ಇರ್ಲಿ" ಎಂದ ಶರಣಪ್ಪ, ನನ್ನನ್ನು ಬೀದಿಯ ತನಕ ಬಂದು ಕಳಿಸಿಕೊಟ್ಟ.

ಈಗ ಎಲ್ಲರ ಕಿಸೆಯಲ್ಲೂ ಕ್ಯಾಮೆರಾ. ಟೇಬಲ್ ಮೇಲೆ ಇಡುವ ಕೆಲಸ ಯಾರಿಗೂ ಇಲ್ಲ. ಆದರೂ ಮದುವೆಗೆ ಬಂದವರ ಒಳ್ಳೆಯ ಫೋಟೋಗೆ ಹೊಸ ಉಪಾಯವೇನು ಎಂದು ಯಾರಾದರೂ ಕೇಳಿದರೆ ನನ್ನದೊಂದಿದೆ. ಕ್ಯಾಮೆರಾವನ್ನು ಯಾರ ಕೈಗಾದರೂ ಕೊಡಿ. ಬಾಗಿಲಲ್ಲಿ ನಿಲ್ಲುವುದಾದರೆ ಕೊನೆಯವನು ಹೋಗುವ ತನಕ ಮುಗಿದ ಕೈ ಬಿಡಬೇಡಿ.