ಕಾರಣ: ಬಿಸಿಲು

ಜೂನ್ ಒಂದು, ಸೋಮವಾರ, ಬೆಳಿಗ್ಗೆ ಎಂಟೂವರೆ. ದಾಂಡೇಲಿಯ ನಮ್ಮ ಆಸ್ಪತ್ರೆಯ ತಾರಸಿ. ಹಾಜರಿದ್ದವರು ಮೂವರು: ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ನಾನು, ನಮ್ಮ ಕಾವಲುಗಾರ, ಹಳಿಯಾಳದಿಂದ ಬಂದ ಹೊಸ ಎಸಿ ಮೆಕ್ಯಾನಿಕ್. ಹೊಸಬ ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದ. ಕಾಲಿಗೆ ದಪ್ಪ ಬೂಟು. ಆ ಬೂಟು ನೋಡುತ್ತಲೇ ನನಗೆ, ಇಷ್ಟು ವರ್ಷ ಇಲ್ಲಿನ ಎಸಿ ನೋಡಿಕೊಳ್ಳುತ್ತಿದ್ದ ಹಳೆಯ ಮಿಸ್ತ್ರಿಯ ಹಿಮ್ಮಡಿಗಳು ನೆನಪಾದವು.

ಒಡೆದ ಹಿಮ್ಮಡಿಗಳು. ಬಿರುಕುಗಳಲ್ಲಿ ಗ್ರೀಸು ಸೇರಿ ಕಪ್ಪು ಗೆರೆಗಳಾಗಿದ್ದವು. ನಾನು ಮೂವತ್ತು ವರ್ಷ ನರ್ಸಾಗಿದ್ದವಳು. ಅಂಥ ಕಾಲು ಕಂಡು ಸುಮ್ಮನಿರಲಾರೆ. ಬಿಸಿನೀರಿನಲ್ಲಿ ಕಾಲು ನೆನೆಸಿ ಎಂದು ಹೇಳಿ ಮುಲಾಮು ಕೊಟ್ಟೆ. ಅದನ್ನು ಅವರು ಫ್ಯಾನಿನ ಬೇರಿಂಗಿಗೆ ಹಚ್ಚಿದರು. ಹಚ್ಚಿದ್ದನ್ನು ನನಗೇ ತೋರಿಸಿ, ಸದ್ದು ನಿಂತಿತು ನೋಡಿ ಎಂದರು.

ಮಿಸ್ತ್ರಿಗೆ ತಾರಸಿಗೆ ಹೋಗುವಾಗ ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಡುವ ಚಟ. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲೂ ಬರಿಗಾಲು. ಸುಟ್ಟುಕೊಂಡರೆ ಡ್ರೆಸ್ಸಿಂಗ್ ಮಾಡುವವಳು ನಾನೇ ತಾನೇ ಎಂದು ರೇಗಿದರೆ, “ಕಾಲಿಗೆ ಎಷ್ಟು ಸುಡ್ತೈತಿ ಅನ್ನೂದು ಗೊತ್ತಾಗ್ಲಿಲ್ಲಂದ್ರ, ಮಶೀನಿಗೆ ಎಷ್ಟು ಸುಡ್ತೈತಿ ಹೆಂಗ ತಿಳೀಬೇಕ್ರಿ ಸಿಸ್ಟರ್” ಎನ್ನುತ್ತಿದ್ದರು. ಥರ್ಮಾಮೀಟರು ಕೊಟ್ಟಿದ್ದೆ. ಅದು ಅವರ ಚೀಲದಲ್ಲಿ, ಪೆಟ್ಟಿಗೆಯನ್ನೂ ಬಿಚ್ಚದೆ, ಹಾಗೇ ಉಳಿಯಿತು. ತಾಮ್ರದ ಕೊಳವೆಗೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು, ನಾಡಿ ನೋಡುವವರ ಹಾಗೆ. ನಾಡಿ ನೋಡುವ ಕೆಲಸ ನನ್ನದು, ನನಗದು ಸಹನೆಯಾಗುತ್ತಿರಲಿಲ್ಲ.

ಹೊತ್ತಿನ ವಿಷಯ ಬರೆಯದಿರುವುದೇ ಒಳ್ಳೆಯದು, ಆದರೂ ಬರೆಯುತ್ತೇನೆ. ಒಂಬತ್ತಕ್ಕೆ ಬನ್ನಿ ಎಂದರೆ ಒಂಬತ್ತಕ್ಕೆ ಫೋನಿನಲ್ಲಿ “ಬಂದೆ” ಎಂಬ ಮಾತು ಬರುತ್ತಿತ್ತು, ಹನ್ನೊಂದಕ್ಕೆ ಮನುಷ್ಯ. ಬಂದವರು ಮೊದಲು ತಮ್ಮ ಫ್ಲಾಸ್ಕಿನ ಚಹಾ ಕುಡಿಯಬೇಕು. ಆಮೇಲೆ ಮಂಗಗಳು ಕಿತ್ತ ಕೊಳವೆಯ ಹೊದಿಕೆಗೆ ಮಂಗಗಳನ್ನೂ ನಮ್ಮನ್ನೂ ಒಟ್ಟಿಗೇ ಬೈಯಬೇಕು. ಆಮೇಲೆ ಕೆಲಸ. ಕೆಲಸ ಮುಗಿಸಿ ರಿಜಿಸ್ಟರಿನಲ್ಲಿ ಬರೆಯಿರಿ ಎಂದರೆ, ಕೈ ಹೊಲಸಾಗಿದೆ ಎಂದು ಹೇಳಿ ಹೋಗಿಬಿಡುತ್ತಿದ್ದರು. ತಪಾಸಣೆಯ ರಿಜಿಸ್ಟರಿನಲ್ಲಿ ಹನ್ನೊಂದು ವರ್ಷದ ಬರಹವೆಲ್ಲ ನನ್ನದೇ, ಒಂದು ಪದ ಬಿಟ್ಟು. ಆ ಒಂದು ಪದದ ಕಥೆಗೇ ಬರುತ್ತಿದ್ದೇನೆ.

ಮೇ ಮುಗಿಯುತ್ತಿದ್ದ ಹಾಗೆ ನಮ್ಮ ಕಡೆ ಎಲ್ಲರೂ ತಾಡಪತ್ರಿ ಕೊಳ್ಳುತ್ತಾರೆ. ಕಟ್ಟಿಗೆಗೆ, ಸ್ಕೂಟರಿಗೆ, ಅಂಗಡಿಯ ಮುಂಭಾಗಕ್ಕೆ, ಸೋರುವ ಹಂಚಿಗೆ ಎಲ್ಲಕ್ಕೂ ಅದೇ ನೀಲಿ ಪ್ಲಾಸ್ಟಿಕ್ ಹಾಳೆ. ನನ್ನ ಗೋಡೆಯ ಮೇಲಿನ ವರ್ಷದ ಕೆಲಸಗಳ ಪಟ್ಟಿಯಲ್ಲೂ ಅದು ಇತ್ತು: ಜೂನ್ ಒಂದು, ತಾರಸಿಯ ಎರಡು ಎಸಿ ಯಂತ್ರಗಳಿಗೆ ತಾಡಪತ್ರಿ ಕಟ್ಟುವುದು, ಅಕ್ಟೋಬರ್ ಒಂದು, ಬಿಚ್ಚುವುದು. ಆಪರೇಷನ್ ಥಿಯೇಟರಿಗೆ ಗಾಳಿ ತಂಪು ಮಾಡುವ ಯಂತ್ರಗಳವು. ಅಷ್ಟು ಬೆಲೆಬಾಳುವ ವಸ್ತುವನ್ನು ನಾಲ್ಕು ತಿಂಗಳು ಮಳೆಯಲ್ಲಿ ನೆನೆಯಲು ಬಿಡುವುದು ನನಗೆ ಬೇಜವಾಬ್ದಾರಿಯಾಗಿ ಕಾಣುತ್ತಿತ್ತು.

ಮಿಸ್ತ್ರಿ ಬಂದಾಗಲೆಲ್ಲ ಹಗ್ಗ ಕೊಯ್ದು ಹಾಕುತ್ತಿದ್ದರು. ಅವರು ಹೋದ ಮೇಲೆ ನಾನು ಕಾವಲುಗಾರನಿಂದ ಮತ್ತೆ ಕಟ್ಟಿಸುತ್ತಿದ್ದೆ. ಗಂಟು ಹೇಗಿರಬೇಕೆಂದು ನಾನೇ ಕಲಿಸಿದ್ದೆ. “ನಿಮ್ಮ ಗಂಟು ಬಿಚ್ಚಬೇಕಂದ್ರ ಆಪರೇಷನ್ನ ಮಾಡಬೇಕ್ರಿ” ಎಂದು ಹಂಗಿಸುತ್ತಿದ್ದರು. ಒಮ್ಮೆ ಮಾತ್ರ ನಗದೆ ಹೇಳಿದರು: “ಇದು ಹೊರಗ ಇರ್ಲಿ ಅಂತನ ಮಾಡಿದ ಮಶೀನ ಐತ್ರಿ. ಮಳಿ ಇದಕ್ಕೇನೂ ಮಾಡಂಗಿಲ್ಲ. ಬಿಸಿಗಾಳಿ ಹೊರಗ ಬಿಡೂದ ಇದರ ಕೆಲಸ. ಬಾಯಿ ಮೂಗು ಕಟ್ಟಿದ್ರ ಒಂದ ದಿನ ಉಸಿರ ಕಟ್ಟಿ ಬೀಳ್ತೈತಿ.” ಇಷ್ಟು ವರ್ಷ ಬಿದ್ದಿಲ್ಲವಲ್ಲ ಎಂದೆ. ಮಳೆಯಿದ್ದಾಗ ಹೊರಗೆ ಹೇಗೂ ತಂಪು, ಅದಕ್ಕೇ ಬಿದ್ದಿಲ್ಲ ಎಂದರು. ನಾನು ಪಟ್ಟಿ ಬದಲಿಸಲಿಲ್ಲ.

ಕೆಲವು ವರ್ಷಗಳ ಹಿಂದೆ ಒಮ್ಮೆ ಮಳೆ ಹೊತ್ತಿಗೆ ಬರಲಿಲ್ಲ. ಸೂಪಾ ಅಣೆಕಟ್ಟಿನ ಹಿನ್ನೀರು ಇಳಿದು ಮುಳುಗಿದ್ದ ಮರಗಳ ಬೊಡ್ಡೆಗಳು ಕಾಣುತ್ತಿದ್ದವು. ಜೂನ್ ಒಂದಕ್ಕೆ ಆಕಾಶ ಬೋಳಾಗಿತ್ತು. ನಾನು ತಾಡಪತ್ರಿ ಕಟ್ಟಿಸಿದೆ. ದಿನಾಂಕ ಬಂದಿತ್ತು, ಕಟ್ಟಿಸಿದೆ, ಅಷ್ಟೆ. ಅದೇ ವಾರ ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಬರುವ ಕಣ್ಣಿನ ಡಾಕ್ಟರ ದಿನ. ಜೊಯಿಡಾ ಕಡೆಯ ಹಳ್ಳಿಗಳಿಂದ ಹನ್ನೊಂದು ಮುದುಕ ಮುದುಕಿಯರು ಪೊರೆ ತೆಗೆಸಿಕೊಳ್ಳಲು ಬಂದಿದ್ದರು. ಇರುವ ಒಂದು ಬಸ್ಸು ಹಿಡಿಯಲು ನಸುಕಿನಲ್ಲೇ ನಡೆದವರು. ಎಲ್ಲರ ಕಣ್ಣಿಗೂ ಔಷಧಿ ಬಿಟ್ಟಾಗಿತ್ತು. ಇಬ್ಬರದು ಮುಗಿಯುವಷ್ಟರಲ್ಲಿ ಥಿಯೇಟರಿನ ಎಸಿ ನಿಂತಿತು. ಹಣೆಯ ಬೆವರು ಒರೆಸಿಕೊಳ್ಳುತ್ತ ಹೊರಬಂದ ಡಾಕ್ಟರು, ಮಧ್ಯಾಹ್ನ ಎರಡರೊಳಗೆ ಸರಿಯಾಗದಿದ್ದರೆ ಉಳಿದವರನ್ನು ಮುಂದಿನ ತಿಂಗಳಿಗೆ ಕಳಿಸಿ ಎಂದರು. ಮುಂದಿನ ತಿಂಗಳು ಆ ಹಳ್ಳಿಗಳಿಂದ ಮಳೆಯಲ್ಲಿ ಬರುವುದು ಸಾಧ್ಯವೇ ಇರಲಿಲ್ಲ.

ಮಿಸ್ತ್ರಿ ಜೊಯಿಡಾ ಕಡೆಯ ರಾಮನಗರದಲ್ಲಿ ಬೇರೆ ಕೆಲಸದ ಮೇಲಿದ್ದರು. ಫೋನು ಮಾಡಿದೆ. ಎಂದಿನಂತೆ “ಬಂದೆ” ಎಂದರು. ಆ ಒಂದು ದಿನ ಅವರು ಹೇಳಿದ್ದು ನಿಜವಾಯಿತು. ಹನ್ನೆರಡಕ್ಕೆ ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಡುತ್ತಿದ್ದರು. ಚಹಾ ಕುಡಿಯಲಿಲ್ಲ. ತಾರಸಿಯಲ್ಲಿ ಎರಡು ನೀಲಿ ಮೂಟೆಗಳನ್ನೂ ನನ್ನ ಗಂಟುಗಳನ್ನೂ ನೋಡಿದರು. ನನ್ನ ಮುಖ ನೋಡಲಿಲ್ಲ. ಹಗ್ಗ ಕೊಯ್ದರು, ಯಂತ್ರಕ್ಕೆ ಅಂಗೈ ಇಟ್ಟು ತಟ್ಟನೆ ತೆಗೆದರು, ಕಾವಲುಗಾರನಿಂದ ಬಕೆಟ್ಟಿನಲ್ಲಿ ನೀರು ತರಿಸಿದರು. ಆಮೇಲೆ ಒಂದು ಗಂಟೆಗೂ ಹೆಚ್ಚು ಹೊತ್ತು ಆ ಸುಡುವ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಯಂತ್ರದ ಜಾಲರಿಯ ಮೇಲೆ ತಂಬಿಗೆಯಿಂದ ಸಣ್ಣಗೆ ನೀರು ಬಿಡುತ್ತ ಹೋದರು. ಅವಸರ ಮಾಡಿ ಎಂದು ಎರಡು ಸಲ ಹೇಳಿದೆ. ಜ್ವರ ಇಳಿಯುವ ಮೊದಲು ರೋಗಿಯನ್ನು ನೀವು ಓಡಿಸುತ್ತೀರಾ ಎಂದು ಕೇಳಿದರು. ಒಂದೂವರೆಗೆ ಯಂತ್ರ ಶುರುವಾಯಿತು. ಹನ್ನೊಂದು ಜನರ ಆಪರೇಷನ್ನೂ ಸಂಜೆಯೊಳಗೆ ಮುಗಿಯಿತು.

ಸಂಜೆ ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರು ಎಲ್ಲರನ್ನೂ ಕರೆದು ಕಾರಣ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಿಸ್ತ್ರಿ, “ಬಿಸಿಲು ಸಾಹೇಬ್ರ. ಈ ವರ್ಷ ಭಾಳ ಐತಿ” ಎಂದರು. ಕೇಳದೆಯೇ ರಿಜಿಸ್ಟರು ಎಳೆದುಕೊಂಡು, ಗ್ರೀಸಿನ ಕೈಯಲ್ಲೇ, ಕಾರಣದ ಕಾಲಮ್ಮಿನಲ್ಲಿ ‘ಬಿಸಿಲು’ ಎಂದು ಬರೆದರು.

ನನಗೆ ಕೃತಜ್ಞತೆ ಬರಲಿಲ್ಲ, ಸಿಟ್ಟು ಬಂತು. ಮೆಟ್ಟಿಲಿನಲ್ಲಿ ಅವರನ್ನು ತಡೆದು, ನನ್ನ ರಿಜಿಸ್ಟರಿನಲ್ಲಿ ಸುಳ್ಳು ಯಾಕೆ ಬರೆದಿರಿ ಎಂದು ಕೇಳಿದೆ. ಅವರು ಚಪ್ಪಲಿ ಹುಡುಕುತ್ತಿದ್ದರು.

“ಬಿಸಿಲು ಇರ್ಲಿಲ್ಲೇನ್ರಿ? ಖರೇನ ಬರದೇನಿ.” ಮೆಟ್ಟಿದ ಮೇಲೆ ತಿರುಗಿ ಹೇಳಿದರು: “ನೋಡ್ರಿ ಸಿಸ್ಟರ್. ನಾಳಿಯಿಂದ ನೀವು ಯಾರಿಗರ ಬೈಯ್ಯಾಕ ಹಿಂದ ಮುಂದ ನೋಡಿದ್ರಂದ್ರ, ಈ ದವಾಖಾನಿ ಒಂದ ವಾರ ನಡಿಯೂದಿಲ್ಲ. ನಿಮ್ಮ ಬಾಯಿ ಬೇಕ್ರಿ ಇಲ್ಲಿ.”

ಆ ದಿನವೇ ತಿದ್ದಬಹುದಿತ್ತು. ತಿದ್ದಲಿಲ್ಲ. ತಾಡಪತ್ರಿ ಮತ್ತೆ ಕಟ್ಟಿಸಲಿಲ್ಲ, ಆದರೆ ಗೋಡೆಯ ಪಟ್ಟಿಯಲ್ಲಿ ಆ ಸಾಲನ್ನು ಹಠಕ್ಕೆ ಹಾಗೇ ಬಿಟ್ಟೆ. ಮಿಸ್ತ್ರಿ ಮುಂದೆಯೂ ತಡವಾಗಿಯೇ ಬರುತ್ತಿದ್ದರು, ನಾನು ಬೈಯುತ್ತಲೇ ಇದ್ದೆ.

ಈ ಮಾರ್ಚಿನಲ್ಲಿ ಅವರ ತಪಾಸಣೆ ಒಂಬತ್ತು ದಿನ ತಡವಾಗಿತ್ತು. ಫೋನು ಎತ್ತಿದ್ದು ಯಾರೆಂದು ಕೇಳದೆ, ತಪ್ಪಿದ ತಾರೀಖುಗಳನ್ನೆಲ್ಲ ಒಂದೊಂದಾಗಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡವರು ಅವರ ಹೆಂಡತಿ. ಹಿಂದಿನ ಶುಕ್ರವಾರ ಎದೆನೋವು ಬಂದು ತೀರಿಕೊಂಡರು ಎಂದರು. ನಿಮ್ಮ ಮಾತು ಬಹಳ ಹೇಳುತ್ತಿದ್ದರು ಎಂದೂ ಹೇಳಿದರು.

ಇವತ್ತು ತಾರಸಿಯಲ್ಲಿ ಹೊಸಬ ರಿಜಿಸ್ಟರನ್ನು ಮೊದಲಿನಿಂದ ಓದಿದ. ಒಳ್ಳೆಯ ಅಭ್ಯಾಸ. ಓದುತ್ತ ಆ ಪದದ ಬಳಿ ನಿಂತ. “ಬಿಸಿಲಿಗೆ ಮಶೀನ ಬಂದ್ ಬಿದ್ದೈತಿ ಅಂತ ಬರದಾರ್ರಿ ಮೇಡಂ. ಹಂಗಾದ್ರ ಇವಕ್ಕ ಸುತ್ತ ಮುಚ್ಚಿ ಒಂದು ತಗಡಿನ ಗೂಡ ಕಟ್ಟಿಬಿಡೂಣು” ಎಂದ. ಕಾವಲುಗಾರ ನನ್ನ ಕಡೆ ನೋಡಿದ.

ಇಷ್ಟು ವರ್ಷ ಆ ಪದ ನನ್ನೊಬ್ಬಳ ಮಾನ ಕಾಯುತ್ತಿದೆ ಎಂದುಕೊಂಡಿದ್ದೆ. ಅದನ್ನು ಹಾಗೇ ಬಿಟ್ಟರೆ ಈ ಯಂತ್ರಗಳ ಬಾಯಿ ಮೂಗನ್ನು ಇನ್ನೊಮ್ಮೆ ಕಟ್ಟುತ್ತಾರೆ, ಈ ಸಲ ತಗಡಿನಿಂದ. ಪೆನ್ನು ತೆಗೆದು ಅದರ ಕೆಳಗೆ ಬರೆದೆ: ‘ಬಿಸಿಲು ಮಾತ್ರವಲ್ಲ. ಯಂತ್ರಕ್ಕೆ ತಾಡಪತ್ರಿ ಕಟ್ಟಲಾಗಿತ್ತು. ಬೇಡವೆಂದು ಮಿಸ್ತ್ರಿ ಹಲವು ಸಲ ಹೇಳಿದ್ದರು. ಕಟ್ಟಿಸಿದ್ದು ನಾನು.’ ಗಟ್ಟಿಯಾಗಿ ಓದಿದೆ.

“ಗಂಟ ಹಾಕಿದಾವ ನಾನ ಅಲ್ಲೇನ್ರಿ ಅಕ್ಕಾರ, ನನ್ನ ಹೆಸರೂ ಬರೀರಿ” ಎಂದ ಕಾವಲುಗಾರ. ಹೇಳಿದ್ದನ್ನು ಮಾಡಿದವರ ಹೆಸರು ಬರೆಯುವ ಕಾಲಮ್ಮು ಇದರಲ್ಲಿಲ್ಲ ಎಂದೆ.

ಹಳೆಯ ಬರಹ ತಿದ್ದಿದರೆ ದೊಡ್ಡ ಡಾಕ್ಟರ ಸಹಿ ಬೇಕು. ನಿಯಮ ಮಾಡಿದವಳೂ ನಾನೇ. ಸಂಜೆ ಅವರ ಮುಂದಿಟ್ಟೆ. ಎರಡು ಸಲ ಓದಿದರು. ಇದು ಆವತ್ತೇ ಗೊತ್ತಿತ್ತು ಎಂದು ಹೇಳಿ ಸಹಿ ಹಾಕಿದರು.

ಹೊರಗೆ ಬಂದರೆ ಮೆಟ್ಟಿಲ ತುಂಬ ಹೊಸಬನ ಬೂಟಿನ ಕೆಸರು. ಅವನನ್ನು ಹಿಂದಕ್ಕೆ ಕರೆಸಿದೆ. ಮುಂದಿನ ಸಲ ಮೆಟ್ಟಿಲ ಬುಡದಲ್ಲೇ ಬಿಚ್ಚಿಟ್ಟು ಹತ್ತಬೇಕೆಂದು, ಕೆಳಗಿನ ವಾರ್ಡಿಗೂ ಕೇಳುವ ಹಾಗೆ ಬೈದೆ. ಬಾಯಿ ಎಂದಿನಂತೆಯೇ ನಡೆಯಿತು. ಗೋಡೆಯ ಪಟ್ಟಿಯಲ್ಲಿ ತಾಡಪತ್ರಿಯ ಎರಡೂ ಸಾಲು ಹೊಡೆದುಹಾಕಿದೆ. ರಿಜಿಸ್ಟರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಾಗ ಆರು ಗಂಟೆ ಹತ್ತು ನಿಮಿಷ.