ಅಮೃತಬಳ್ಳಿಯ ಪೊಟ್ಟಣ

ಬೆಂಗಳೂರಿನಲ್ಲಿ ಹೃದಯ ಕಸಿಯ ತಂಡದಲ್ಲಿ ವರ್ಷಗಟ್ಟಲೆ ದುಡಿದ ನೀಲಾಂಬಿಕೆ ಹಾಸನಕ್ಕೆ ಬಂದು ಕ್ಲಿನಿಕ್ ತೆರೆದ ದಿನ, ಚನ್ನರಾಯಪಟ್ಟಣದ ತಮ್ಮ ಗಿಡಮೂಲಿಕೆಗಳ ಗ್ರಂಧಿಗೆ ಅಂಗಡಿಯಲ್ಲಿ ಅಪ್ಪ ಈಶ್ವರಯ್ಯ ಬಂದವರಿಗೆಲ್ಲ ಕಲ್ಲುಸಕ್ಕರೆ ಹಂಚಿದ್ದರು. ಶುಂಠಿ, ಹಿಪ್ಪಲಿ, ಒಣ ಬೇರುಗಳ ವಾಸನೆಯಲ್ಲೇ ಬೆಳೆದವಳು ಆಕೆ.

ಕಸಿಯಾದವರಿಗೆ ಆಕೆ ಹೇಳುತ್ತಿದ್ದುದು ಸ್ವಲ್ಪವೇ. ಇನ್ನೊಬ್ಬರ ಹೃದಯವನ್ನು ಮೈ ಶತ್ರುವೆಂದೇ ತಿಳಿಯುತ್ತದೆ, ಅದರ ಸಿಟ್ಟನ್ನು ಜೀವ ಇರುವವರೆಗೂ ಮಾತ್ರೆಯಿಂದ ಮಲಗಿಸಿಡಬೇಕು. ಬೇಯಿಸಿದ ಊಟ, ಬೆಳಗಿನ ನಡಿಗೆ, ನಿದ್ದೆ, ಹೊತ್ತಿಗೆ ಸರಿಯಾಗಿ ಮಾತ್ರೆ. ಆರೋಗ್ಯವೆಂದರೆ ಇಷ್ಟೇ.

ಅರಕಲಗೂಡು ಕಡೆಯ ಕೃಷ್ಣಪ್ಪ ಇದನ್ನು ಚಾಚೂ ತಪ್ಪದೆ ಪಾಲಿಸಿದವನು. ಬೀಗರ ಮನೆಯ ಔತಣಕ್ಕೂ ಬುತ್ತಿ ಕಟ್ಟಿಕೊಂಡು ಹೋಗಿ ನಗೆಪಾಟಲಾಗಿದ್ದ. ಅಂಥವನು ಈ ಶ್ರಾವಣದಲ್ಲಿ ಕಾಲು ಊದಿಸಿಕೊಂಡು, ಏದುಸಿರು ಬಿಡುತ್ತ ಬಂದ. ಮೈ ಆ ಹೃದಯವನ್ನು ಒಲ್ಲೆನ್ನತೊಡಗಿತ್ತು.

"ಮಾತ್ರೆ ಬಿಟ್ರಾ?"

"ಒಂದಿನಾನೂ ಬಿಟ್ಟಿಲ್ಲ ಕಣವ್ವಾ."

"ಬೇರೆ ಔಷಧಿ ಏನಾದ್ರೂ?"

"ಇಲ್ಲ, ನಿನ್ನಾಣೆಗೂ."

ಬೆಂಗಳೂರಿಗೆ ಕಳಿಸುವ ಏರ್ಪಾಡಾಯಿತು. ಆಂಬುಲೆನ್ಸ್ ಹತ್ತುವ ಮುಂಚೆ ಹೆಂಡತಿ ಜಯಲಕ್ಷ್ಮಮ್ಮ ಚೀಲದಿಂದ ಫ್ಲಾಸ್ಕ್ ತೆಗೆದು ಕೇಳಿದಳು: "ಇದ್ನ ಅಲ್ಲೂ ಕುಡಿಸ್ಬೌದಾ? ಬೆಳಿಗ್ಗೆ ಇದಿಲ್ದಿದ್ರೆ ಇವ್ರಿಗೆ ಆಗಾಕಿಲ್ಲ."

ಮುಚ್ಚಳ ತೆರೆಯುತ್ತಲೇ ನೀಲಾಂಬಿಕೆಗೆ ವಾಸನೆಯ ಗುರುತು ಹತ್ತಿತು. ಅಮೃತಬಳ್ಳಿ. ಮಾತ್ರೆ ಮಲಗಿಸಿದ್ದ ಮೈಯ ಸಿಟ್ಟನ್ನು ಇದು ತಟ್ಟಿ ಎಬ್ಬಿಸುತ್ತಿತ್ತು.

"ಯಾರು ಕೊಟ್ರು ಇದನ್ನ?"

"ನಿಮ್ಮಪ್ಪಾರೇ. ಚನ್ರಾಯಪಟ್ಣಕ್ಕೆ ಓಗಿದ್ದಾಗ ಡಾಕ್ಟ್ರಮ್ಮನ ತಂದೆ ಅಂತ ಕೈ ಮುಗಿಯಾಕೆ ಓಗಿದ್ವಿ. ಆ ಮಾತ್ರೆಯಿಂದ ಮೈಯಲ್ಲಿ ಸಕ್ತಿ ಕಮ್ಮಿಯಾಯ್ತದೆ, ಕುಡ್ಸಮ್ಮ ಅಂತ ಕಟ್ಕೊಟ್ರು. ತಿಂಗ್ಳಿಗೊಂದು ಪೊಟ್ಣ, ಕಾಸೂ ಮುಟ್ಲಿಲ್ಲ."

"ಔಷಧಿ ಏನೂ ಇಲ್ಲ ಅಂದ್ರಲ್ಲ?"

"ಅಯ್ಯೋ, ಇದು ಕಷಾಯ ಅಲ್ವಾ? ಕಾಪಿ ಬದ್ಲು ಕುಡೀತಿದ್ರು."

ನೀಲಾಂಬಿಕೆ ಫ್ಲಾಸ್ಕಿನ ಮುಚ್ಚಳ ಬಿಗಿದು ತನ್ನ ಬಳಿಯೇ ಇಟ್ಟುಕೊಂಡಳು. ಆಕೆಯೂ ಅದರ ಹೆಸರು ಹಿಡಿದು ಯಾರಿಗೂ ಬೇಡವೆಂದಿರಲಿಲ್ಲ. ಅವಳ ಮನೆಯಲ್ಲೂ ಅದು ಔಷಧಿಯಾಗಿರಲಿಲ್ಲ. ನೆಗಡಿಯಾದಾಗ ಅಪ್ಪ ಬೆಲ್ಲ ಹಾಕಿ, ಆರಿಸಿ ಕೊಡುತ್ತಿದ್ದ ಅಕ್ಕರೆಯಾಗಿತ್ತು.

ಕೃಷ್ಣಪ್ಪ ಉಳಿಯಲಿಲ್ಲ. ತಿಥಿ ಮುಗಿಸಿಕೊಂಡು ಬಂದ ಜಯಲಕ್ಷ್ಮಮ್ಮ, "ನೀವೂ ನಿಮ್ಮಪ್ಪಾರೂ ಕೈಲಾದ್ದು ಮಾಡಿದ್ರಿ" ಎಂದು ಎರಡು ಎಳನೀರು ಇಟ್ಟು ಹೋದಳು. ಅವು ಮೇಜಿನ ಕೆಳಗೇ ಒಣಗಿದವು.

ಕಷಾಯದ ಸಂಗತಿ ಅಪ್ಪನಿಗೆ ಹೇಳಬಾರದೆಂದು ನಿಶ್ಚಯಿಸಿಕೊಂಡೇ ಆ ಭಾನುವಾರ ನೀಲಾಂಬಿಕೆ ಊರಿಗೆ ಹೋದಳು. ಅಪ್ಪ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹಳೆಯ ದಾರವನ್ನು ಉಂಡೆಗೆ ಸುತ್ತುತ್ತಿದ್ದರು.

"ಬಾ ಮಗಾ. ನಿನ್ನ ಅರಕಲಗೂಡಿನ ಯಜಮಾನ್ರು ಈ ತಿಂಗ್ಳು ಬರಲೇ ಇಲ್ವಲ್ಲ. ನೋಡು, ಕಟ್ಟಿಟ್ಟಿದ್ದೀನಿ. ಹೊಳೆನರಸೀಪುರದ ಅಶೋಕ ಮೇಷ್ಟ್ರಿಗೂ ಇದನ್ನೇ ಕೊಟ್ಟೆ. ನಿನ್ನ ಪೇಷಂಟ್ ಅಂದ್ರೆ ನಂಗೇನು ಹೊರಗಿನೋರಾ?"

ಅಶೋಕ ಮೇಷ್ಟ್ರದೂ ಕಸಿ ಮಾಡಿದ ಹೃದಯವೇ. ನೀಲಾಂಬಿಕೆ ಅಲ್ಲೇ ನಿಂತು ಅವರಿಗೆ ಫೋನ್ ಮಾಡಿದಳು.

"ಕಷಾಯ ಇವತ್ತೇ ನಿಲ್ಲಿಸಿ ಮೇಷ್ಟ್ರೇ. ನಾಳೆ ಬಂದು ಪರೀಕ್ಷೆ ಮಾಡಿಸ್ಕೊಳ್ಳಿ. ತಮಾಷೆ ಅಲ್ಲ, ಇದನ್ನು ಕುಡಿದು ಒಬ್ಬರು ಹೋಗ್ಬಿಟ್ರು."

ಫೋನ್ ಇಟ್ಟು ನೋಡಿದರೆ ಅಪ್ಪ ಕೃಷ್ಣಪ್ಪನಿಗೆಂದು ಕಟ್ಟಿಟ್ಟಿದ್ದ ಪೊಟ್ಟಣದ ದಾರ ಬಿಚ್ಚುತ್ತಿದ್ದರು. ಬಿಚ್ಚಿದ ದಾರವನ್ನು ಎಂದಿನಂತೆ ಉಂಡೆಗೆ ಸುತ್ತಲಿಲ್ಲ.

"ಚಿಕ್ಕೋಳಿದ್ದಾಗ ನೀನು ಇದನ್ನ ಕೇಳಿ ಕೇಳಿ ಕುಡೀತಿದ್ದೆ," ಎಂದರು.